ಸತ್ತ ಮರಿಯನ್ನೂ ಮೂತಿಯಿಂದ ಬಾಲದವರೆಗೆ ನೋಡಿ

ಕಡಲಾಮೆ ಗೂಡುಗಳ ಕಾವಲಿಗೆ ಸೇರಿದ ಮೊದಲ ವರ್ಷ ನನ್ನ ಪುಸ್ತಕದಲ್ಲಿ 'ವಿಕೃತ ಮರಿ – 3' ಎಂದಷ್ಟೇ ಬರೆದಿದ್ದೆ. ಏನು ವಿಕೃತ, ಎಲ್ಲಿ ವಿಕೃತ ಎಂದು ಮುಂದಿನ ವರ್ಷ ಕೇಳಿದವರಿಗೆ ಉತ್ತರ ಕೊಡಲಾಗಲಿಲ್ಲ. ಆ ಮೂರೂ ಮರಿಗಳ ಮಾಹಿತಿ ಹಾಗೆಯೇ ಕಳೆದುಹೋಯಿತು. ಈಗಲೂ ಅದು ನನ್ನನ್ನು ಬಾಧಿಸುತ್ತದೆ.

ಮರಿಗಳು ಹೊರಟ ಮೇಲೆ ಗೂಡು ಬಗೆದು, ಉಳಿದದ್ದನ್ನು ಎಣಿಸಿ ದಾಖಲಿಸುವ ಕೆಲಸ ಇದು. ವನ್ಯಜೀವಿ ಅಧಿಕಾರಿಗಳ ಲಿಖಿತ ಅನುಮತಿ ಇಲ್ಲದೆ ಗೂಡು ಮುಟ್ಟಬೇಡಿ. ಮೊದಲ ಮರಿಗಳು ಹೊರಬಂದ ಮೇಲೆ ಮೂರು ದಿನ ಕಾಯಿರಿ. ಒಂದೂ ಬರದಿದ್ದರೆ ಮೊಟ್ಟೆಯಿಟ್ಟು 70 ದಿನ ತುಂಬಲಿ. ಬೇಗ ಬಗೆದರೆ ಹೊಟ್ಟೆಯಡಿ ಹಳದಿ ಭಂಡಾರ (ಮೊಟ್ಟೆಯೊಳಗೆ ಮರಿಯನ್ನು ಪೋಷಿಸುವ ಲೋಳೆಯ ಚೀಲ) ಇನ್ನೂ ಕರಗದ ಮರಿ ಕೈಗೆ ಸಿಗುತ್ತದೆ. ಬಿಸಿಲು ತಗ್ಗಿದ ಮೇಲೆ, ಕೈಗವಸು ಹಾಕಿಕೊಂಡು ಕೈಯಿಂದಲೇ ಮರಳು ತೆಗೆಯಿರಿ. ಸಲಿಕೆ ಬೇಡವೇ ಬೇಡ.

ಅರ್ಧಕ್ಕಿಂತ ಹೆಚ್ಚು ಉಳಿದ ಚಿಪ್ಪನ್ನು ಒಂದು ಮೊಟ್ಟೆ ಎಂದು ಎಣಿಸಿ, ಚೂರುಗಳನ್ನು ಬಿಡಿ. ಒಡೆಯದ ಮೊಟ್ಟೆ, ಚಿಪ್ಪು ಸೀಳಿ ಅಲ್ಲೇ ಸತ್ತದ್ದು, ಸತ್ತ ಮರಿ, ಜೀವಂತ ಮರಿ ಇವನ್ನು ಬೇರೆಬೇರೆಯಾಗಿ ಇಡಿ.

ಈಗ ಒಂದೊಂದೇ ಮರಿಯನ್ನು ಇದೇ ಕ್ರಮದಲ್ಲಿ ನೋಡಿ: ದವಡೆ, ಕಣ್ಣು, ಬಣ್ಣ, ಬೆನ್ನಿನ ಫಲಕ (ಬೆನ್ನಚಿಪ್ಪಿನ ಮೇಲಿನ ಬಿಲ್ಲೆಗಳು), ಈಜುಗಾಲು, ಬಾಲ. ಒಮ್ಮೆ ನನ್ನ ಅಂಗೈಯಲ್ಲಿದ್ದ ಸತ್ತ ಮರಿ ಮೇಣದಷ್ಟು ಬಿಳುಪಾಗಿತ್ತು. ಬಲಗಣ್ಣಿನ ಜಾಗವನ್ನು ಬರೀ ಚರ್ಮ ಮುಚ್ಚಿತ್ತು, ಕೆಳದವಡೆ ಮೇಲಿನದಕ್ಕಿಂತ ಗಿಡ್ಡ. ಇಂಥ ದೋಷಗಳು ಜೊತೆಜೊತೆಯಾಗಿ ಬರುವುದುಂಟು, ಒಂದು ಕಂಡ ಕೂಡಲೇ ನೋಡುವುದನ್ನು ನಿಲ್ಲಿಸಬೇಡಿ. ಕಂಡದ್ದನ್ನೇ ಬರೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮೇಲಿನಿಂದ, ಕೆಳಗಿನಿಂದ, ಎರಡೂ ಬದಿಯಿಂದ ಚಿತ್ರ ತೆಗೆಯಿರಿ.

ಫಲಕ ಎಣಿಸುವಾಗ ಜಾತಿ ತಿಳಿದಿರಬೇಕು. ಬೆನ್ನಿನ ಎರಡು ಬದಿಯ ಫಲಕಗಳು ಹಸಿರು ಕಡಲಾಮೆಗೆ ಸಾಮಾನ್ಯವಾಗಿ ನಾಲ್ಕು ಜೋಡಿ, ಲಾಗರ್‌ಹೆಡ್‌ಗೆ ಐದು. ಆಲಿವ್ ರಿಡ್ಲಿಗೆ ಆರೋ ಹೆಚ್ಚೋ ಇರುತ್ತವೆ, ಎಡಬಲ ಸಮವಾಗಿರದಿರುವುದೂ ಸಹಜ. ಅದನ್ನು ದೋಷವೆಂದು ದಾಖಲಿಸಿದರೆ ಇಡೀ ಋತುವಿನ ಲೆಕ್ಕ ಕೆಡುತ್ತದೆ.

ಕಾರಣವನ್ನು ಊಹಿಸಿ ಬರೆಯಬೇಡಿ. ಗೂಡಿನ ಆಳದ ಉಷ್ಣಾಂಶ, ಮರಳಿನ ತೇವ, ಮೊಟ್ಟೆಗಳನ್ನು ಸ್ಥಳಾಂತರಿಸಿದ್ದರೆ ಇಟ್ಟ ಎಷ್ಟು ಗಂಟೆಯ ಮೇಲೆ ಎಂಬುದು ದಾಖಲಾಗಿರಲಿ. ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆ ಹೊರಳಿದರೆ ಒಳಗಿನ ಭ್ರೂಣ ಸಾಯಬಹುದು.

ಕಾಲು ಡೊಂಕಾಗಿದ್ದರೂ ಚುರುಕಾಗಿರುವ ಮರಿಯನ್ನು ಸಾಕಲು ಒಯ್ಯದೆ, ಮುಸ್ಸಂಜೆ ದಾಟಿದ ಮೇಲೆ ಮರಳಿನ ಮೇಲೆ ಬಿಡಿ, ತಾನೇ ತೆವಳಿ ನೀರಿಗಿಳಿಯಲಿ. ಚಿಪ್ಪು, ಕೊಳೆತ ಮೊಟ್ಟೆಗಳನ್ನು ಅದೇ ಗುಂಡಿಗೆ ಹಾಕಿ ಆಳವಾಗಿ ಮುಚ್ಚಿ. ವಾಸನೆಗೆ ನಾಯಿಗಳು ಪಕ್ಕದ ಗೂಡಿಗೂ ಬರುತ್ತವೆ.