ಮತಗಟ್ಟೆಯಲ್ಲಿ ಕೂತ ಒಂದು ದಿನ

2023ರ ವಿಧಾನಸಭೆ ಚುನಾವಣೆಗೆ ಇನ್ನೂ ಮೂರು ತಿಂಗಳಿತ್ತು. ನಮ್ಮದು ಜಿದ್ದಾಜಿದ್ದಿಯ ಕ್ಷೇತ್ರ. ನಾನು ನಂಬಿದ ಅಭ್ಯರ್ಥಿಯ ಮನೆಗೆ ಹೋಗಿ, "ಮೇಡಂ, ನಿಮ್ಮ ಪರ ಕೆಲಸ ಮಾಡ್ತೀನಿ" ಅಂದೆ. ಅವರು ನಮ್ಮೂರ ಮತಗಟ್ಟೆಯ ಮತದಾರರ ಪಟ್ಟಿ ಕೈಗಿಟ್ಟು, "ಮನೆಮನೆಗೆ ಹೋಗಿ ಇದನ್ನ ತಾಳೆ ನೋಡಣ್ಣ" ಅಂದರು.

2004ರ ವಿಧಾನಸಭೆ ಚುನಾವಣೆಯಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ ಬಂದವು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಆ ಒಂದು ಮತದ ನೆನಪಿದ್ದವರು ಯಾರೂ ಪಟ್ಟಿಯ ಒಂದು ಸಾಲನ್ನೂ ಹಗುರವಾಗಿ ನೋಡುವುದಿಲ್ಲ.

ಕೆಳಗಿನ ಕೇರಿಯ ಅಜ್ಜಿಯೊಬ್ಬರ ಹೆಸರು "ಮೃತ" ಎಂದು ತೆಗೆದುಹಾಕಲಾಗಿತ್ತು. ಅಜ್ಜಿ ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ನಾನು ಸತ್ತೆ ಅಂತ ಯಾರಪ್ಪ ಹೇಳಿದ್ದು?" ಎಂದು ಕೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ. ನಮೂನೆ 6 ತುಂಬಿಸಿ ಹೆಸರು ಮತ್ತೆ ಸೇರಿಸಿದೆವು. ನಾಮಪತ್ರ ಸಲ್ಲಿಕೆಯ ಕೊನೆ ದಿನ ಕಳೆದ ಮೇಲೆ ಪಟ್ಟಿಗೆ ಯಾರನ್ನೂ ಸೇರಿಸಲು ಬರುವುದಿಲ್ಲ. ಪ್ರಚಾರ ಶುರುವಾದ ಮೇಲೆ ಪಟ್ಟಿ ನೋಡಿದರಾಯಿತು ಅನ್ನುವ ಕಾರ್ಯಕರ್ತರು ಎಡವುವುದು ಇಲ್ಲೇ. ಅಜ್ಜಿ ಯಾರಿಗೆ ಓಟು ಹಾಕುತ್ತಾರೆಂದು ನಾನು ಕೇಳಲಿಲ್ಲ, ಇವತ್ತಿಗೂ ಗೊತ್ತಿಲ್ಲ.

ಪ್ರಚಾರದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ನಡೆದೆವು, ಮಾತಾಡಿದೆವು. ಕೊನೆಯ ರಾತ್ರಿ ಹಣ ಹಂಚುವ ಸುದ್ದಿ ಬಂದಾಗ ಚುನಾವಣಾ ಅಕ್ರಮದ ದೂರು ಕೊಡುವ ಸಿವಿಜಿಲ್ ಆ್ಯಪ್‌ನಲ್ಲಿ ದೂರು ಹಾಕಿದೆವು. "ನಾವೂ ಹಂಚೋಣ" ಅಂದ ನಮ್ಮವರನ್ನು ತಡೆಯುವುದೇ ಹೆಚ್ಚು ಕಷ್ಟವಾಯಿತು.

ಮೇ 10, ಮತದಾನದ ದಿನ. ಅಭ್ಯರ್ಥಿಯ ಪರವಾಗಿ ಮತಗಟ್ಟೆಯಲ್ಲಿ ಕೂರುವ ಏಜೆಂಟ್ ನಾನು. ಬೆಳಿಗ್ಗೆ ಐದೂವರೆಗೆ, ಯಂತ್ರ ಸರಿಯಿದೆಯೇ ನೋಡಲು ಅಣಕು ಮತದಾನ. ಏಜೆಂಟರ ಎದುರಿಗೇ ಕನಿಷ್ಠ 50 ಮತ ಒತ್ತಿ, ಎಣಿಸಿ, ಒತ್ತಿದ ಮತವನ್ನು ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳಿಗೆ ತಾಳೆ ಹಾಕಬೇಕು. ಆಮೇಲೆ ಯಂತ್ರದಲ್ಲಿ ಆ ಮತಗಳನ್ನು ಅಳಿಸಿ, ಸೊನ್ನೆ ತೋರಿಸಿದ್ದನ್ನು ನೋಡಿಯೇ ಸಹಿ ಹಾಕಬೇಕು. ನಿದ್ದೆಗಣ್ಣಲ್ಲಿ ಇದನ್ನು ತಪ್ಪಿಸಿಕೊಳ್ಳುವ ಏಜೆಂಟರನ್ನು ಕಂಡಿದ್ದೇನೆ. ಇಡೀ ದಿನದಲ್ಲಿ ಇದಕ್ಕಿಂತ ಮುಖ್ಯವಾದ ಗಳಿಗೆ ಇನ್ನೊಂದಿಲ್ಲ. ಸಂಜೆ ಆರಕ್ಕೆ ಸಾಲಿನಲ್ಲಿದ್ದವರಿಗೆಲ್ಲ ಚೀಟಿ ಕೊಟ್ಟರು, ಕೊನೆಯವರಿಂದ ಶುರುಮಾಡಿ, ಹಿಂದೆ ಯಾರೂ ಬಂದು ಸೇರಿಕೊಳ್ಳದಂತೆ. ಮತದಾನ ಮುಗಿದ ಮೇಲೆ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ ಬರೆದ ನಮೂನೆ 17ಸಿಯ ಪ್ರತಿ ಕೇಳಿ ಪಡೆದೆ. ಅದರಲ್ಲಿದ್ದ ಒಟ್ಟು ಮತ: 812.

13ರಂದು ಎಣಿಕೆ ಕೇಂದ್ರದಲ್ಲಿ ತಂತಿ ಬಲೆಯ ಈಚೆ ನಾನು ಕೂತಿದ್ದೆ. ನಮ್ಮ ಮತಗಟ್ಟೆಯ ಯಂತ್ರ ಬಂತು. ನಾನು ಜೇಬಿನಿಂದ 17ಸಿ ತೆಗೆದೆ. ಪಕ್ಕದಲ್ಲಿದ್ದ ಎದುರಾಳಿ ಅಭ್ಯರ್ಥಿಯ ಏಜೆಂಟನೂ ತನ್ನ ಪ್ರತಿ ಬಿಡಿಸಿದ. ಒಟ್ಟು 812 ಎಂದು ತೋರಿಸಿತು. "ಸರಿ ಇದೆ ಅಲ್ವಾ ಅಣ್ಣ?" ಅಂದ. "ಸರಿ ಇದೆ" ಅಂದೆ. ಆ ಸುತ್ತಿನಲ್ಲಿ ನಾವು ಹಿಂದಿದ್ದೆವು.