ಕಾರು ತಾನೇ ಓಡಿದರೂ ಜರ್ಮನಿಯಲ್ಲಿ ಡ್ರೈವರ್ ನೀವೇ: ಆರು ತಿಂಗಳ ಲೈಸೆನ್ಸ್ ಲೆಕ್ಕ

ಸ್ಟುಟ್‌ಗಾರ್ಟ್, ಮ್ಯೂನಿಕ್ ಕಡೆಗೆ ಬರುವ ನಮ್ಮವರಲ್ಲಿ ಕಾರಿನ ಸಾಫ್ಟ್‌ವೇರ್‌ನಲ್ಲೇ ಕೆಲಸ ಮಾಡುವವರು ಬಹಳ. ಲೆವೆಲ್ 2 (ಕಾರು ನೆರವಾದರೂ ಚಾಲಕ ಸದಾ ಗಮನಿಸುತ್ತಿರಬೇಕು), ಲೆವೆಲ್ 3 (ಕೆಲವೆಡೆ ಕಾರೇ ಓಡಿಸುತ್ತದೆ, ಕರೆದಾಗ ಚಾಲಕ ವಹಿಸಿಕೊಳ್ಳಬೇಕು) ಅಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಹೊಸಬರು ಮತ್ತೆ ಮತ್ತೆ ಅದೇ ಗುಂಡಿಗೆ ಬೀಳುತ್ತಾರೆ. ಕಂಪನಿಯ ಕಾರು ಸಿಕ್ಕಿರುತ್ತದೆ, ಆಟೋಬಾನ್ (ಜರ್ಮನಿಯ ಹೆದ್ದಾರಿ) ಮೇಲೆ ಅದು ಹೆಚ್ಚುಕಡಿಮೆ ತಾನೇ ಓಡುತ್ತದೆ, ಜೇಬಿನಲ್ಲಿ ಕರ್ನಾಟಕದ ಡಿಎಲ್, ಜೊತೆಗೆ ಒಂದು ವರ್ಷದ ಇಂಟರ್‌ನ್ಯಾಷನಲ್ ಪರ್ಮಿಟ್. ಏಳನೇ ತಿಂಗಳಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಆಗುವುದು ಬರೀ ದಂಡವಲ್ಲ, ಲೈಸೆನ್ಸ್ ಇಲ್ಲದೆ ಓಡಿಸಿದ ಕ್ರಿಮಿನಲ್ ಕೇಸು.

ಭಾರತದ ಲೈಸೆನ್ಸ್ ಇಲ್ಲಿ ನಡೆಯುವುದು ಆರೇ ತಿಂಗಳು, ಅದೂ ನೀವು ಜರ್ಮನಿಯಲ್ಲಿ ವಾಸ ಹೂಡಿದ ದಿನದಿಂದ. ಸಾಮಾನ್ಯವಾಗಿ ವಿಳಾಸ ನೋಂದಾಯಿಸಿದ, ಅಂದರೆ ಆನ್‌ಮೆಲ್ಡುಂಗ್ ಮಾಡಿಸಿದ ತಾರೀಖೇ ಅದಕ್ಕೆ ಸಾಕ್ಷಿ. ಕಾರು ಕೈಗೆ ಬಂದ ದಿನಕ್ಕೂ ಈ ಎಣಿಕೆಗೂ ಸಂಬಂಧವಿಲ್ಲ. ನಡುವೆ ದೀಪಾವಳಿಗೆ ಊರಿಗೆ ಹೋಗಿಬಂದರೂ ಎಣಿಕೆ ಮೊದಲಿನಿಂದ ಶುರುವಾಗುವುದಿಲ್ಲ. ಪರ್ಮಿಟ್ ಮೇಲೆ ಬರೆದಿರುವ ಒಂದು ವರ್ಷವನ್ನಂತೂ ನಂಬಲೇಬೇಡಿ. ಅದು ನಿಮ್ಮ ಡಿಎಲ್‌ನ ಅನುವಾದ ಮಾತ್ರ. ಡಿಎಲ್ ನಡೆಯದ ದಿನ ಅದೂ ನಡೆಯದು. ಒಟ್ಟು ವಾಸ 12 ತಿಂಗಳು ಮೀರುವುದಿಲ್ಲ ಎಂದು ದಾಖಲೆ ಸಮೇತ ತೋರಿಸಿದವರಿಗಷ್ಟೇ ಅವಧಿ ವಿಸ್ತರಿಸಿಕೊಡುತ್ತಾರೆ.

"ಸ್ಟಿಯರಿಂಗ್ ನಾನು ಮುಟ್ಟೇ ಇರಲಿಲ್ಲ, ಕಾರೇ ಓಡುತ್ತಿತ್ತು" ಎಂಬ ವಾದಕ್ಕೆ 2017ರಲ್ಲೇ ಕಾನೂನು ಬಾಗಿಲು ಹಾಕಿದೆ. ರಸ್ತೆ ಸಂಚಾರ ಕಾಯ್ದೆಯ 1ಎ ವಿಧಿಯ ಪ್ರಕಾರ ಸ್ವಯಂಚಾಲನೆಯನ್ನು ಆನ್ ಮಾಡಿ ಬಳಸುವವರೇ ಚಾಲಕರು, ಕೈಯಿಂದ ಓಡಿಸದಿದ್ದರೂ ಸರಿ. ಆದ್ದರಿಂದ ಲೈಸೆನ್ಸ್ ಬೇಕೇ ಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ನಿಮ್ಮ ದಿನದ ಆದಾಯದ ಲೆಕ್ಕದಲ್ಲಿ ದಂಡ. ಗೊತ್ತಿದ್ದೂ ಕಾರು ಕೊಟ್ಟ ಗೆಳೆಯನ ಮೇಲೂ ಅದೇ ಕೇಸು ಬೀಳುತ್ತದೆ. ಅಪಘಾತವಾದರೆ ವಿಮೆಯವರು ಎದುರಿನವರಿಗೆ ಹಣ ಕೊಟ್ಟು, ಆಮೇಲೆ ನಿಮ್ಮಿಂದ 5,000 ಯೂರೊವರೆಗೆ ವಸೂಲಿ ಮಾಡಬಹುದು. ನಿಮ್ಮದೇ ಕಾರಿನ ರಿಪೇರಿ ಖರ್ಚನ್ನು ಕೊಡಲು ನಿರಾಕರಿಸಲೂಬಹುದು.

ಹಾಗಾಗಿ ಬಂದ ಮೊದಲ ತಿಂಗಳಲ್ಲೇ ಜರ್ಮನ್ ಲೈಸೆನ್ಸಿಗೆ ಅರ್ಜಿ ಹಾಕಿ. ಲೈಸೆನ್ಸ್ ಕಚೇರಿಯ ಮಂಜೂರಾತಿಗೇ ವಾರಗಟ್ಟಲೆ ಹಿಡಿಯುತ್ತದೆ, ಪರೀಕ್ಷೆಯ ದಿನಾಂಕಕ್ಕೆ ಮತ್ತೆ ಕಾಯಬೇಕು. ಬೇಕಾಗುವುದು ಡಿಎಲ್ ಮತ್ತು ಅದರ ಜರ್ಮನ್ ಅನುವಾದ (ಇಲ್ಲಿನ ವಾಹನ ಚಾಲಕರ ಸಂಘವಾದ ಎಡಿಎಸಿಯವರು ಮಾಡಿಕೊಡುತ್ತಾರೆ), ಕಣ್ಣಿನ ಪರೀಕ್ಷೆಯ ಚೀಟಿ, ಬಯೋಮೆಟ್ರಿಕ್ ಫೋಟೊ, ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿಯ ಪ್ರಮಾಣಪತ್ರ. ಲೈಸೆನ್ಸನ್ನು ನೇರವಾಗಿ ಜರ್ಮನ್ ಲೈಸೆನ್ಸಿಗೆ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ, ಆದ್ದರಿಂದ ಥಿಯರಿ, ಪ್ರಾಕ್ಟಿಕಲ್ ಎರಡೂ ಬರೆದೇ ತೀರಬೇಕು. ಕಡ್ಡಾಯ ಕ್ಲಾಸುಗಳಿಂದ ಮಾತ್ರ ವಿನಾಯಿತಿ ಇದೆ. ಪರೀಕ್ಷೆಗೆ ಡ್ರೈವಿಂಗ್ ಸ್ಕೂಲಿನ ಕಾರು, ಪಕ್ಕದಲ್ಲಿ ಶಿಕ್ಷಕ ಇರಲೇಬೇಕಾದ್ದರಿಂದ ಸ್ಕೂಲಿಗೆ ಸೇರಿಕೊಳ್ಳಬೇಕು. ಥಿಯರಿಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಪಾಸಾದ 12 ತಿಂಗಳೊಳಗೆ ಪ್ರಾಕ್ಟಿಕಲ್ ಮುಗಿಸಬೇಕು. ಆರು ತಿಂಗಳು ದಾಟಿಹೋದರೂ ಈ ದಾರಿ ಮುಚ್ಚುವುದಿಲ್ಲ. ಜರ್ಮನ್ ಲೈಸೆನ್ಸ್ ಕೈಗೆ ಬರುವ ತನಕ ಸ್ಟಿಯರಿಂಗ್ ಹಿಂದೆ ಕೂರಬಾರದು, ಅಷ್ಟೆ. ಕಾರ್ಡ್ ಕೊಡುವಾಗ ಭಾರತದ ಡಿಎಲ್ ತೆಗೆದಿಟ್ಟುಕೊಳ್ಳುತ್ತಾರೆ, ಎರಡೂ ಬದಿಯ ಫೋಟೊ ಇಟ್ಟುಕೊಳ್ಳಿ. ಕಾಯಂ ಊರಿಗೆ ಮರಳುವಾಗ ಜರ್ಮನ್ ಕಾರ್ಡ್ ಒಪ್ಪಿಸಿ ಅದನ್ನು ವಾಪಸ್ ಪಡೆಯಬಹುದು.

ಕ್ಲಾಸು ಕಡ್ಡಾಯವಲ್ಲ ಎಂದು ಹಣ ಉಳಿಸಲು ಹೋಗುವವರು ಪ್ರಾಕ್ಟಿಕಲ್‌ನಲ್ಲಿ ಫೇಲಾಗಿ ಇನ್ನೂ ಹೆಚ್ಚು ಕಳೆದುಕೊಳ್ಳುತ್ತಾರೆ. ನಮ್ಮ ಆರ್‌ಟಿಓ ಟ್ರ್ಯಾಕಿನಲ್ಲಿ ಎಂಟು ಹಾಕಿ, ರಿವರ್ಸ್ ತೆಗೆದು ತೋರಿಸಿದರೆ ಮುಗಿಯಿತು. ಅಲ್ಲಿ ನೋಡುವುದು ಕೈಚಳಕ. ಇಲ್ಲಿನ ಪರೀಕ್ಷಕರು 55 ನಿಮಿಷ ನಿಮ್ಮ ಕಣ್ಣು ಎಲ್ಲಿದೆ ಎಂದು ನೋಡುತ್ತಾರೆ. ತಿರುಗುವ ಮೊದಲು ಭುಜದ ಮೇಲಿಂದ ಹಿಂದಕ್ಕೆ ನೋಡಿದಿರಾ, ಬೋರ್ಡೇ ಇಲ್ಲದ ಕ್ರಾಸಿನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಟ್ಟಿರಾ? ಈ ವಿಷಯದಲ್ಲಿ ಜರ್ಮನ್ ಪದ್ಧತಿಯೇ ಮೇಲು, ದುಬಾರಿಯಾದರೂ. ಸ್ಟಿಯರಿಂಗ್ ತಿರುಗಿಸುವ ಕೆಲಸವನ್ನು ಕಾರು ವಹಿಸಿಕೊಂಡ ಮೇಲೆ ಮನುಷ್ಯನಿಗೆ ಉಳಿಯುವುದು ನೋಡುವ ಕೆಲಸವೇ. ಬೋರ್ಡಿಲ್ಲದ ಕ್ರಾಸಿನಲ್ಲಿ ಕ್ಯಾಮೆರಾ ಓದಲು ಏನೂ ಇರುವುದಿಲ್ಲ. 2024ರ ಜುಲೈನಿಂದ ಯೂರೋಪಿನ ಹೊಸ ಕಾರುಗಳಲ್ಲಿ ಕಡ್ಡಾಯವಾದ ವೇಗ ಎಚ್ಚರಿಕೆಯೂ ರಾತ್ರಿ 10ರಿಂದ ಬೆಳಗಿನ 6ರವರೆಗಿನ ವೇಗಮಿತಿಯನ್ನೋ ಲಾರಿಗಳ ಮಿತಿಯನ್ನೋ ತಪ್ಪಾಗಿ ಓದಬಹುದು. ರಸ್ತೆ ಬದಿಯ ಕ್ಯಾಮೆರಾ ಹಿಡಿದರೆ ದಂಡ ಕಟ್ಟುವುದು ನೀವು.

ಇನ್ನು ಹೊಣೆಯ ವಿಚಾರ. ಈಗ ಕೈಗೆ ಸಿಗುವ ಬಹುಪಾಲು ಕಾರುಗಳು ಲೆವೆಲ್ 2, ಟೆಸ್ಲಾದ ಆಟೋಪೈಲಟ್ ಸೇರಿ. 2023ರಲ್ಲಿ ಅನುಮತಿ ಪಡೆದ ಫೋರ್ಡ್ ಬ್ಲೂಕ್ರೂಸ್‌ನಲ್ಲಿ ಕೈ ಬಿಡಬಹುದು, ಆದರೆ ಕಣ್ಣು ರಸ್ತೆಯ ಮೇಲೇ ಇರಬೇಕು. ಲೆವೆಲ್ 2ರಲ್ಲಿ ಕೈಯಲ್ಲಿ ಫೋನ್ ಕಂಡರೆ 100 ಯೂರೊ ದಂಡ, ಜೊತೆಗೆ ಚಾಲಕರ ದಾಖಲೆಯಲ್ಲಿ ತಪ್ಪಿಗೆ ಒಂದು ಪಾಯಿಂಟ್. 2022ರ ಡಿಸೆಂಬರಿನಲ್ಲಿ ಬಾಂಬರ್ಗ್ ಹತ್ತಿರ ಎ70ರಲ್ಲಿ ಆಟೋಪೈಲಟ್ ಹಾಕಿ ಕಣ್ಣು ಮುಚ್ಚಿ ಹೋಗುತ್ತಿದ್ದವನೊಬ್ಬನನ್ನು ಪೊಲೀಸರು ಬೆನ್ನಟ್ಟಿ ನಿಲ್ಲಿಸಿದರು. ಸ್ಟಿಯರಿಂಗ್ ಮೇಲೆ ಕೈ ಇದೆ ಎಂದು ಕಾರನ್ನು ನಂಬಿಸಲು ಅದಕ್ಕೆ ಕಟ್ಟುವ ತೂಕವೂ ಕಾರಿನಲ್ಲಿ ಸಿಕ್ಕಿತು. ಅಂಥದ್ದನ್ನು ಆನ್‌ಲೈನಿನಲ್ಲಿ ಕಂಡರೂ ಕೊಳ್ಳಬೇಡಿ.

ಇದಕ್ಕಿಂತ ಸಾಮಾನ್ಯವಾದ ಅಪಾಯ ಟ್ರಾಫಿಕ್ ಜಾಮ್‌ನಲ್ಲಿದೆ. ಆಟೋಬಾನ್ ನಿಧಾನವಾದ ಕೂಡಲೇ ಎಡ ಲೇನಿನವರು ಎಡಕ್ಕೆ, ಉಳಿದವರೆಲ್ಲ ಬಲಕ್ಕೆ ಸರಿದು ಆಂಬುಲೆನ್ಸಿಗೆ ನಡುವೆ ಜಾಗ ಬಿಡಬೇಕು. ಲೇನ್ ಹಿಡಿಯುವ ಸಿಸ್ಟಂ ಕಾರನ್ನು ಲೇನಿನ ಮಧ್ಯಕ್ಕೇ ಎಳೆಯುತ್ತದೆ. ಜಾಗ ಬಿಡದಿದ್ದರೆ ಕನಿಷ್ಠ 200 ಯೂರೊ, ಎರಡು ಪಾಯಿಂಟ್, ಒಂದು ತಿಂಗಳು ಚಾಲನೆ ನಿಷೇಧ. ವೇಗ ಇಳಿಯುತ್ತಿದ್ದಂತೆ ಲೇನ್ ಅಸಿಸ್ಟ್ ಆಫ್ ಮಾಡಿ, ಕೈಯಿಂದ ಸರಿಸಿ.

ಲೆವೆಲ್ 3 ಬೇರೆ ಮಾತು. ಮರ್ಸಿಡಿಸ್ ಡ್ರೈವ್ ಪೈಲಟ್ 2022ರ ಮೇ ತಿಂಗಳಲ್ಲಿ ಮಾರಾಟಕ್ಕೆ ಬಂದಾಗ ಆಟೋಬಾನ್ ಮೇಲೆ 60 ಕಿ.ಮೀ. ವೇಗದವರೆಗೆ ಮಾತ್ರ ನಡೆಯುತ್ತಿತ್ತು, ಆಮೇಲೆ 95ಕ್ಕೆ ಅನುಮತಿ ಸಿಕ್ಕಿತು. ಅದು ಚಾಲೂ ಇರುವಾಗ ರಸ್ತೆಯಿಂದ ಕಣ್ಣು ತೆಗೆಯಲು ಕಾನೂನೇ ಬಿಡುತ್ತದೆ. ನಿದ್ದೆ ಹೋಗುವಂತಿಲ್ಲ, ಸೀಟು ಬಿಟ್ಟು ಏಳುವಂತಿಲ್ಲ. ಕಾರು ಕರೆದ ತಕ್ಷಣ ಚಾಲನೆ ವಹಿಸಿಕೊಳ್ಳಬೇಕು. ಹತ್ತು ಸೆಕೆಂಡಿನಲ್ಲಿ ನೀವು ಓಗೊಡದಿದ್ದರೆ ಕಾರು ಹಜಾರ್ಡ್ ಲೈಟ್ ಹಾಕಿ ನಿಂತುಬಿಡುತ್ತದೆ. ಅದು ಕರೆಯದಿದ್ದರೂ ಪರಿಸ್ಥಿತಿ ಕೈಮೀರಿದ್ದು ಎದ್ದು ಕಾಣುತ್ತಿದ್ದರೆ ವಹಿಸಿಕೊಳ್ಳುವ ಹೊಣೆ ನಿಮ್ಮದೇ.

ಚಾಲನೆ ಯಾವ ಕ್ಷಣದಲ್ಲಿ, ಎಲ್ಲಿ, ಯಾರಿಂದ ಯಾರಿಗೆ ದಾಟಿತು ಎಂಬುದು ಇಂಥ ಕಾರಿನಲ್ಲಿ ದಾಖಲಾಗುತ್ತದೆ. ಮಾಮೂಲಾಗಿ ಆರು ತಿಂಗಳಿಗೆ ಅಳಿಸುತ್ತಾರೆ, ಅಪಘಾತದಲ್ಲಿ ಸಿಕ್ಕಿದ ಕಾರಾದರೆ ಮೂರು ವರ್ಷ ಇರುತ್ತದೆ. ಡಿಕ್ಕಿಯಾದಾಗ ನಿಮ್ಮ ಪರ ನಿಲ್ಲುವ ಸಾಕ್ಷಿ ಇದೇ ಆಗಬಹುದು. ಕಾರು ಕಂಪನಿಯದೋ ಬಾಡಿಗೆಯದೋ ಆಗಿದ್ದರೆ, ಆ ದಾಖಲೆ ಅಳಿಸದೆ ಉಳಿಸಿಕೊಡಿ ಎಂದು ಅದೇ ವಾರ ಅವರಿಗೆ ಪತ್ರ ಬರೆದು, ನಕಲು ನಿಮ್ಮ ಬಳಿ ಇಟ್ಟುಕೊಳ್ಳಿ.