ಡಾಲರ್ ಬಿಟ್ಟು ಶೇಕಡಾ ಹಿಡಿದೆ: ಕ್ಯಾಪ್ ಲೀಗ್‌ನಲ್ಲಿ ನನ್ನ ಅನುಭವ

ಎನ್‌ಎಫ್‌ಎಲ್‌ನ ಸ್ಯಾಲರಿ ಕ್ಯಾಪ್ (ಈ ಅಮೆರಿಕನ್ ಫುಟ್‌ಬಾಲ್ ಲೀಗ್ ಪ್ರತಿ ಟೀಮ್‌ನ ವರ್ಷದ ಸಂಬಳ ಲೆಕ್ಕಕ್ಕೆ ಹಾಕುವ ಮಿತಿ) ನಿಯಮಗಳನ್ನೇ ಇಟ್ಟುಕೊಂಡು ಕಾಂಟ್ರ್ಯಾಕ್ಟ್ ಲೀಗ್ ಆಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಜವಾದ ಆಟಗಾರರನ್ನು ಲೆಕ್ಕದಲ್ಲಿ ಮಾತ್ರ ಕೊಂಡು, ಒಪ್ಪಂದ ಬರೆದು ಗೆಳೆಯರು ಆಡುವ ಫ್ಯಾಂಟಸಿ ಆಟ ಅದು. ಸೈನಿಂಗ್ ಬೋನಸ್, ಡೆಡ್ ಮನಿ, ಜೂನ್ 1ರ ನಿಯಮ, ರೋಲ್‌ಓವರ್ ಎಲ್ಲ ನಿಮಗೆ ಗೊತ್ತೇ ಇದೆ. ಹೊಸಬರಿಗೆ ಮಾತ್ರ ಒಂದು ಸಾಲು: ಸೈನಿಂಗ್ ಬೋನಸ್ ಅಂದರೆ ಮೊದಲೇ ಕೊಡುವ ಹಣ, ಕ್ಯಾಪ್ ಲೆಕ್ಕದಲ್ಲಿ ಅದು ಒಪ್ಪಂದದ ವರ್ಷಗಳಿಗೆ ಹಂಚಿಹೋಗುತ್ತದೆ; ಡೆಡ್ ಮನಿ ಅಂದರೆ ಆಟಗಾರ ಹೋದ ಮೇಲೂ ಕ್ಯಾಪ್‌ನಲ್ಲಿ ಉಳಿಯುವ ಬಾಕಿ; ಜೂನ್ 1ರ ನಿಯಮ ಆ ಬಾಕಿಯನ್ನು ಎರಡು ವರ್ಷಕ್ಕೆ ಒಡೆಯುತ್ತದೆ; ರೋಲ್‌ಓವರ್ ಅಂದರೆ ಖರ್ಚಾಗದ ಕ್ಯಾಪ್ ಮುಂದಿನ ವರ್ಷಕ್ಕೆ ಹೋಗುವುದು. 2023 ಮತ್ತು 2024, ಎರಡೂ ಸೀಸನ್ ನಮ್ಮ ಲೀಗ್‌ನ ಕಪ್ ನನ್ನ ಮನೆಗೆ ಬಂತು. ಅದಕ್ಕೂ ಮುಂಚೆ ನನ್ನ ಎಕ್ಸೆಲ್ ಶೀಟ್ ನೋಡಿ ತಲೆಯಾಡಿಸಿದವರು ಈಗ ಅದನ್ನೇ ಕೇಳುತ್ತಿದ್ದಾರೆ. ಹಾಗಾಗಿ ಒಮ್ಮೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ನಮ್ಮ ಲೀಗ್‌ನಲ್ಲಿ 12 ಜನ. ಎಲ್ಲರೂ ಡಲ್ಲಾಸ್ ಸುತ್ತಮುತ್ತ ಇರುವವರು, ಬಹುಪಾಲು ಕನ್ನಡದವರೇ. ವರ್ಷಕ್ಕೆ ತಲಾ 200 ಡಾಲರ್. ಗೆದ್ದವನಿಗೆ ಸುಮಾರು 1,500 ಸಿಗುತ್ತದೆ, ಉಳಿದದ್ದು ಎರಡನೇ, ಮೂರನೇ ಸ್ಥಾನಕ್ಕೆ. ಡಿಫೆನ್ಸ್ ಆಟಗಾರರನ್ನು ನಾವು ಕೊಳ್ಳುವುದಿಲ್ಲ. ಅದಕ್ಕೆ ನಮ್ಮ ಕ್ಯಾಪ್ ಎನ್‌ಎಫ್‌ಎಲ್ ಕ್ಯಾಪ್‌ನ ಅರ್ಧ. ಬಾಕಿ ಎಲ್ಲ ಅಲ್ಲಿನ ಹಾಗೆಯೇ. ಬೋನಸ್ ಅನ್ನು ಹೆಚ್ಚೆಂದರೆ ಐದು ವರ್ಷಕ್ಕೆ ಹಂಚಬಹುದು. ಆಟಗಾರನನ್ನು ಬಿಟ್ಟರೆ ಅಥವಾ ಟ್ರೇಡ್ ಮಾಡಿದರೆ ಉಳಿದ ಬೋನಸ್ ಪೂರ್ತಿ ನಮ್ಮ ತಲೆ ಮೇಲೆ ಬೀಳುತ್ತದೆ.

ಶುರುವಿನಲ್ಲಿ ನಾನು ನ್ಯೂ ಆರ್ಲಿಯನ್ಸ್ ಸೇಂಟ್ಸ್ ಟೀಮ್‌ನ ದಾರಿ ಹಿಡಿದೆ. ಪ್ರತಿ ಮಾರ್ಚ್‌ನಲ್ಲೂ ದೊಡ್ಡ ಸಂಬಳಗಳನ್ನು ಬೋನಸ್ ಮಾಡು, ಮುಂದಿನ ವರ್ಷಗಳಿಗೆ ತಳ್ಳು, ಈ ವರ್ಷ ಜಾಗ ಮಾಡಿಕೊ. 20 ಮಿಲಿಯನ್ ಸಂಬಳದವನಿಗೆ ಇನ್ನೂ ನಾಲ್ಕು ವರ್ಷ ಇದ್ದರೆ 16 ಮಿಲಿಯನ್ ಬೋನಸ್ ಮಾಡುತ್ತಿದ್ದೆ. ಈ ವರ್ಷದ ಹಿಟ್ (ಕ್ಯಾಪ್‌ನಲ್ಲಿ ಅವನ ಹೆಸರಿಗೆ ಬೀಳುವ ಮೊತ್ತ) 20ರಿಂದ 8ಕ್ಕೆ ಇಳಿಯಿತು. ಮುಂದಿನ ಮೂರು ವರ್ಷಕ್ಕೆ ತಲಾ 4 ಸೇರಿತು. ಮೊದಲ ತಿಂಗಳೇ ಚೀಟಿ ಎತ್ತಿದ ಹಾಗೆ ಇದು. ಕೈಗೆ ಈಗ ಹಣ ಬರುತ್ತದೆ, ಕಂತು ಮಾತ್ರ ಕೊನೆಯವರೆಗೂ ಕಟ್ಟಬೇಕು.

ಇದು ಎರಡು ಕಡೆ ಮುರಿದು ಬಿತ್ತು. ಒಂದು, ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡು ಹಿಡಿದು ಓಡುವವರು. ನಾನು ಬೋನಸ್ ಹಂಚಿದ್ದ ಒಬ್ಬ ರನ್ನಿಂಗ್ ಬ್ಯಾಕ್ ಎರಡೇ ಸೀಸನ್‌ನಲ್ಲಿ ಕುಸಿದ. ಬಿಟ್ಟರೆ 9 ಮಿಲಿಯನ್ ಹತ್ತಿರ ಡೆಡ್ ಮನಿ, ಇಟ್ಟುಕೊಂಡರೆ ಬೆಂಚ್ ಮೇಲೆ ಸಂಬಳ. ನಿಜವಾದ ಟೀಮ್‌ಗಳಿಗೂ ಇದೇ ಆಗಿದೆ. ರ‍್ಯಾಮ್ಸ್ 2018ರಲ್ಲಿ ಟಾಡ್ ಗುರ್ಲಿಗೆ ನಾಲ್ಕು ವರ್ಷದ ದೊಡ್ಡ ಒಪ್ಪಂದ ಕೊಟ್ಟು, 2020ರ ಮಾರ್ಚ್‌ನಲ್ಲಿ ಬಿಟ್ಟುಬಿಟ್ಟರು. ನಮ್ಮೂರಿನ ಕೌಬಾಯ್ಸ್ 2019ರಲ್ಲಿ ಎಜಿಕಿಯಲ್ ಎಲಿಯಟ್‌ಗೆ ಆರು ವರ್ಷಕ್ಕೆ 90 ಮಿಲಿಯನ್ ಬರೆದರು. 2023ರಲ್ಲಿ ಅವರೂ ಕೈಬಿಟ್ಟರು. ಆಮೇಲೆ ನನ್ನ ಶೀಟ್‌ನಲ್ಲಿ ರನ್ನಿಂಗ್ ಬ್ಯಾಕ್ ಸಾಲುಗಳಿಗೆ ಬೋನಸ್ ಕಾಲಂ ಅನ್ನೇ ಲಾಕ್ ಮಾಡಿದೆ. ಇವತ್ತಿಗೂ ತೆಗೆದಿಲ್ಲ.

ಎರಡನೆಯದು 2021. ಕ್ಯಾಪ್ ಬರುವುದು ಲೀಗ್‌ನ ಆದಾಯದಿಂದ. ಲೀಗ್ ಮತ್ತು ಆಟಗಾರರ ಸಂಘದ 2020ರ ಒಪ್ಪಂದದ ಪ್ರಕಾರ ಆಟಗಾರರ ಪಾಲು ಕನಿಷ್ಠ ಶೇ. 48. ಅದರಲ್ಲಿ ಬೆನಿಫಿಟ್ಸ್ (ಪಿಂಚಣಿ, ವಿಮೆ ಇತ್ಯಾದಿ) ಕಳೆದು 32 ಟೀಮ್‌ಗೆ ಭಾಗಿಸಿದರೆ ಕ್ಯಾಪ್. ಕೋವಿಡ್ ವರ್ಷ ಸ್ಟೇಡಿಯಂ ಖಾಲಿ, ಆದಾಯ ಬಿತ್ತು. 198.2 ಮಿಲಿಯನ್ ಇದ್ದ ಕ್ಯಾಪ್ 182.5ಕ್ಕೆ ಇಳಿಯಿತು. ನಮ್ಮದು 99ರಿಂದ 91ಕ್ಕೆ. ನಾನು ತಳ್ಳಿದ್ದ ಬೋನಸ್‌ಗಳೆಲ್ಲ ಅದೇ ವರ್ಷಕ್ಕೆ ಬಂದು ಕೂತಿದ್ದವು. ಸುಮಾರು 40 ಮಿಲಿಯನ್ ಹಳೇ ಲೆಕ್ಕಕ್ಕೇ ಹೋಯಿತು. ಆ ವರ್ಷ ಹನ್ನೊಂದನೇ ಸ್ಥಾನ. ಅಲ್ಲಿಯವರೆಗೆ ಹಾಕಿದ ಸಾವಿರ ಡಾಲರ್‌ನಷ್ಟು ಹಣದಲ್ಲಿ ಒಂದು ಪೈಸೆಯೂ ವಾಪಸ್ ಬಂದಿರಲಿಲ್ಲ. ಸೇಂಟ್ಸ್ ಕೂಡ ಆ ವಸಂತದಲ್ಲಿ ಕ್ಯಾಪ್‌ಗಿಂತ ಸುಮಾರು 100 ಮಿಲಿಯನ್ ಮೇಲಿದ್ದರು. ಅವರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಡ್ರೂ ಬ್ರೀಸ್ ತಮ್ಮ ಸಂಬಳವನ್ನು ಕನಿಷ್ಠ ಮಟ್ಟಕ್ಕೆ ಇಳಿಸಿಕೊಂಡು ಸುಮಾರು 24 ಮಿಲಿಯನ್ ಜಾಗ ಮಾಡಿಕೊಟ್ಟರು. ನಮ್ಮ ಲೀಗ್‌ನಲ್ಲಿ ಹಾಗೆ ಸಂಬಳ ಇಳಿಸಿಕೊಳ್ಳುವ ಆಟಗಾರ ಯಾರೂ ಇಲ್ಲ ಅಲ್ವಾ.

ಆ ಬೇಸಿಗೆ ಶೀಟ್ ಅನ್ನು ಮೊದಲಿಂದ ಕಟ್ಟಿದೆ. ಡಾಲರ್ ಅಂಕಿ ಎಲ್ಲ ತೆಗೆದು ಕ್ಯಾಪ್‌ನ ಶೇಕಡಾ ಹಾಕಿದೆ. ಪ್ರತಿ ಆಟಗಾರನಿಗೂ, ಪ್ರತಿ ವರ್ಷಕ್ಕೂ. ಪಕ್ಕದಲ್ಲಿ ಇನ್ನೊಂದು ಕಾಲಂ: ಆ ಮಾರ್ಚ್‌ನಲ್ಲಿ ಬಿಟ್ಟರೆ ಎಷ್ಟು ಶೇಕಡಾ ಡೆಡ್ ಮನಿ. ಅದರ ಪಕ್ಕ, ಆಗಲೂ ನಾನು ಅವನನ್ನು ಇಟ್ಟುಕೊಳ್ಳುವ ಸಾಧ್ಯತೆ ಎಷ್ಟು. ಕೊನೆಯದು ಕ್ಯಾಪ್ ಬೆಳವಣಿಗೆಯ ಅಂದಾಜು. ಆ ಕಾಲಂನಲ್ಲಿ ಯಾವ ಸಂಖ್ಯೆ ಹಾಕುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ. ಲೀಗ್‌ನಲ್ಲಿ ಇನ್ನೂ ಹನ್ನೊಂದು ಜನ ಇದ್ದಾರೆ, ಅವರೂ ಓದುತ್ತಾರೆ.

ಶೇಕಡಾ ಯಾಕೆ ಅಂದರೆ, 2022ರಲ್ಲಿ ಕ್ಯಾಪ್ 208.2 ಮಿಲಿಯನ್. 10 ಮಿಲಿಯನ್ ಅಂದರೆ ಆಗ ಶೇ. 4.8. ಅದನ್ನೇ 2025ಕ್ಕೆ ತಳ್ಳಿದರೆ, ಕ್ಯಾಪ್ 279.2 ಆದ್ದರಿಂದ, ಶೇ. 3.6 ಮಾತ್ರ. ಅದೇ ಡಾಲರ್, ಭಾರ ಕಾಲು ಭಾಗ ಕಮ್ಮಿ. ಬಡ್ಡಿಯೂ ಇಲ್ಲ. ಕ್ಯಾಪ್ ಏರುತ್ತದೆ ಅಂತ ಗೊತ್ತಿದ್ದರೆ ತಳ್ಳುವುದೇ ಸರಿ. 2021ರ ಮಾರ್ಚ್‌ನಲ್ಲಿ ಟಿವಿ ಒಪ್ಪಂದ ಪ್ರಕಟವಾಯಿತು. 2023ರಿಂದ 11 ಸೀಸನ್, ಒಟ್ಟು 110 ಬಿಲಿಯನ್ ಡಾಲರ್ ಹತ್ತಿರ. ಏರುವುದು ಗ್ಯಾರಂಟಿ ಅಂತ ಅನ್ನಿಸಿದ್ದು ಅದನ್ನು ನೋಡಿದ ಮೇಲೆ. ಆದರೆ ಯಾರ ಮೇಲೆ ತಳ್ಳಬೇಕು ಅನ್ನುವುದು ಇನ್ನೂ ಮುಖ್ಯ. 25, 26 ವಯಸ್ಸಿನ ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಮೇಲೆ ತಳ್ಳಬಹುದು, ಹೇಗೂ ಅವನ ಒಪ್ಪಂದವನ್ನು ಮುಂದುವರಿಸುತ್ತೇವೆ. 30 ದಾಟಿದವನ ಮೇಲೆ ಬೇಡವೇ ಬೇಡ.

ಇದನ್ನು ಗುಂಪಿನಲ್ಲಿ ಹೇಳಿದಾಗ ಹಾಸನದ ಗೆಳೆಯನೊಬ್ಬ ಬರೆದ: "ಏನ್ ಗುರು, ಟೀಮ್ ಕಟ್ತೀಯೋ, ಬ್ಯಾಲೆನ್ಸ್ ಶೀಟ್ ಕಟ್ತೀಯೋ?" ದಾವಣಗೆರೆಯವನಿಗೆ ಇನ್ನೂ ಅನುಮಾನ. ಟಚ್‌ಡೌನ್ ಹೊಡೆಯುವವನು ಬೇಕು ಮಾರಾಯ, ಶೇಕಡಾ ಹೊಡೆಯುವುದಿಲ್ಲ ಅಂದ.

ಫಲ ಮೊದಲು ಕಂಡದ್ದು 2022ರ ಡಿಸೆಂಬರ್‌ನಲ್ಲಿ. ಸೀಸನ್ ಮಧ್ಯೆ ಎಲ್ಲರ ಕ್ಯಾಪ್ ಖಾಲಿ. ನನ್ನ ಹತ್ತಿರ ಮಾತ್ರ 6 ಮಿಲಿಯನ್ ಚಿಲ್ಲರೆ ಇತ್ತು. ಖರ್ಚಾಗದಿದ್ದರೆ ಹೇಗೂ ಮುಂದಿನ ವರ್ಷಕ್ಕೆ ಹೋಗುತ್ತದೆ, ಅವಸರ ಯಾಕೆ ಅಂತ ಕೂತಿದ್ದೆ. ಸ್ಯಾನ್ ಫ್ರಾನ್ಸಿಸ್ಕೋದ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರಾಪಲೋ ಕಾಲಿಗೆ ಪೆಟ್ಟಾಯಿತು. ಬ್ರಾಕ್ ಪರ್ಡಿ ಒಳಗೆ ಬಂದ. ಹೊಸ ಆಟಗಾರರನ್ನು ಟೀಮ್‌ಗಳು ಸರದಿಯಲ್ಲಿ ಆರಿಸುವ ಡ್ರಾಫ್ಟ್‌ನ ಕಟ್ಟಕಡೆಯ ಹುಡುಗ, 262ನೇ ಆಯ್ಕೆ. ನಾನು ಸುಮಾರು 3 ಮಿಲಿಯನ್‌ಗೆ ಹಿಡಿದೆ. ನಮ್ಮಲ್ಲಿ ಸೀಸನ್ ಮಧ್ಯೆ ಹಿಡಿದವನಿಗೆ ಮೂರು ವರ್ಷದವರೆಗೆ ಒಪ್ಪಂದ ಬರೆಯಬಹುದು. ಮೂರೂ ಬರೆದೆ.

ಮುಂದಿನ ಮಾರ್ಚ್‌ನಲ್ಲಿ ಮಾಡಿದ್ದಕ್ಕೆ ಎಲ್ಲರೂ ನನಗೆ ತಲೆ ಕೆಟ್ಟಿದೆ ಅಂದರು. ನನ್ನ ದೊಡ್ಡ ಸಂಬಳದ ಕ್ವಾರ್ಟರ್‌ಬ್ಯಾಕ್‌ನನ್ನು ಟ್ರೇಡ್ ಮಾಡಿದೆ. ಎರಡು ಫಸ್ಟ್ ರೌಂಡ್ ಪಿಕ್ (ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆ), ಒಬ್ಬ ಯುವ ರಿಸೀವರ್ ಬಂದರು. ಬದಲಿಗೆ 14 ಮಿಲಿಯನ್ ಡೆಡ್ ಮನಿ. 112ರಲ್ಲಿ 14, ಅಂದರೆ ಶೇ. 12.5 ಸುಮ್ನೆ ಹೋಯಿತು. ಆದರೆ ಶೀಟ್ ಹೇಳುತ್ತಿದ್ದದ್ದು ಬೇರೆ. ಪರ್ಡಿ ಶೇ. 3ಕ್ಕೂ ಕಮ್ಮಿ. ಡೆಡ್ ಮನಿ ಸೇರಿಸಿದರೂ ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕೆ ನಾನು ಕೊಡುತ್ತಿದ್ದದ್ದು ಹಿಂದಿನ ವರ್ಷಕ್ಕಿಂತ ಕಮ್ಮಿ. ಮುಂದಿನ ವರ್ಷ ಆ ಡೆಡ್ ಮನಿಯೂ ಇರುವುದಿಲ್ಲ. 2023ರಲ್ಲಿ ಪರ್ಡಿ 4,280 ಯಾರ್ಡ್, 31 ಟಚ್‌ಡೌನ್ ಎಸೆದ. ಕಪ್ ಬಂತು.

ಡೆಡ್ ಮನಿ ಅಂದರೆ ಟೀಮ್ ಮುಗಿಯಿತು ಅಂತ ಹೆದರುವವರು ಎರಡು ನಿಜವಾದ ಲೆಕ್ಕ ನೋಡಬೇಕು. ಟ್ಯಾಂಪಾ ಬೇ 2023ರಲ್ಲಿ ನಿವೃತ್ತರಾಗಿದ್ದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಒಬ್ಬರ ಹೆಸರಲ್ಲೇ 35 ಮಿಲಿಯನ್ ಡೆಡ್ ಮನಿ ಹೊತ್ತಿತ್ತು. ಅವರ ವಾಯ್ಡ್ ವರ್ಷಗಳ (ಬೋನಸ್ ಹಂಚಲೆಂದೇ ಒಪ್ಪಂದಕ್ಕೆ ಸೇರಿಸುವ, ಆಡದ ವರ್ಷಗಳು) ಬಾಕಿ ಅದು. 2020ರ ಸೀಸನ್‌ನ ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ ಮೇಲೆ ಅದೇ ಟೀಮ್ ಉಳಿಸಿಕೊಳ್ಳಲು ಮಾಡಿದ ಸಾಲ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್‌ರನ್ನು ಒಂದು ವರ್ಷಕ್ಕೆ 4 ಮಿಲಿಯನ್‌ಗೆ ತಂದರು. ಆದರೂ ಡಿವಿಷನ್ (ತಮ್ಮ ನಾಲ್ಕು ಟೀಮ್‌ಗಳ ಗುಂಪು) ಗೆದ್ದರು. ಇನ್ನೊಂದು ಡೆನ್ವರ್. ಕ್ವಾರ್ಟರ್‌ಬ್ಯಾಕ್ ರಸೆಲ್ ವಿಲ್ಸನ್‌ರನ್ನು 2024ರಲ್ಲಿ ಬಿಟ್ಟಾಗ 85 ಮಿಲಿಯನ್ ಡೆಡ್ ಮನಿ, ಅಲ್ಲಿಯವರೆಗೆ ಯಾರೂ ಹೊತ್ತಿರಲಿಲ್ಲ. ಜೂನ್ 1ರ ನಿಯಮ ಬಳಸಿ 53 ಆ ವರ್ಷ, 32 ಮುಂದಿನ ವರ್ಷ ಅಂತ ಒಡೆದರು. ಕ್ಯಾಪ್‌ನ ಐದನೇ ಒಂದು ಭಾಗ ಇಲ್ಲದ ಮನುಷ್ಯನಿಗೆ ಹೋಯಿತು. ಆದರೆ ಆಡಿದವನು ಬೋ ನಿಕ್ಸ್, ರೂಕಿ (ಮೊದಲ ವರ್ಷದವನು), ನಾಲ್ಕು ವರ್ಷಕ್ಕೆ 18.6 ಮಿಲಿಯನ್. 10 ಗೆಲುವು, 7 ಸೋಲು, ಪ್ಲೇಆಫ್. ದೊಡ್ಡ ಹಳೇ ಸಾಲ ತೀರಿಸುವ ವರ್ಷ ಅಗ್ಗದ ಕ್ವಾರ್ಟರ್‌ಬ್ಯಾಕ್ ಇರಲೇಬೇಕು. ನನ್ನ ಇಡೀ ವಿಧಾನದಲ್ಲಿ ಯಾವುದಾದರೂ ಒಂದನ್ನು ಮಾತ್ರ ತೆಗೆದುಕೊಳ್ಳುತ್ತೀರಿ ಅಂದರೆ ಇದನ್ನು ತೆಗೆದುಕೊಳ್ಳಿ.

ರೂಕಿ ಇಷ್ಟು ಅಗ್ಗ ಆಗಿದ್ದು 2011ರ ಒಪ್ಪಂದದ ನಂತರ. 2010ರ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್. ಮರುವರ್ಷದ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 22. ಆಗಿನಿಂದ ಪಿಕ್ ಅಂದರೇ ಕ್ಯಾಪ್ ಜಾಗ. ಕ್ಲೀವ್‌ಲ್ಯಾಂಡ್ ಅದನ್ನು 2017ರಲ್ಲಿ ನೇರವಾಗಿ ಕೊಂಡುಕೊಂಡಿತು. ಹ್ಯೂಸ್ಟನ್‌ನಿಂದ ಬ್ರಾಕ್ ಆಸ್ವೈಲರ್‌ರ 16 ಮಿಲಿಯನ್ ಸಂಬಳದ ಹೊರೆ ಹೊತ್ತು, ಜೊತೆಗೆ ಮುಂದಿನ ವರ್ಷದ ಸೆಕೆಂಡ್ ರೌಂಡ್ ಪಿಕ್ ತೆಗೆದುಕೊಂಡಿತು. ಆ ಪಿಕ್‌ನಲ್ಲಿ ಬಂದವನು ನಿಕ್ ಚಬ್. ನಾನೂ 2024ರ ಮಾರ್ಚ್‌ನಲ್ಲಿ ಇದನ್ನೇ ಮಾಡಿದೆ. ಕ್ಯಾಪ್ ಮೀರಿ ಒದ್ದಾಡುತ್ತಿದ್ದ ಗೆಳೆಯನಿಂದ 7 ಮಿಲಿಯನ್‌ನ ಬೇಡದ ಒಪ್ಪಂದ ತೆಗೆದುಕೊಂಡೆ, ಮೇಲೆ ಒಂದು ಫಸ್ಟ್ ರೌಂಡ್ ಪಿಕ್. ಅವನಿಗೂ ಖುಷಿ, ನನಗೂ ಖುಷಿ. ಮಾರ್ಚ್‌ನ ಯಾವ ವಾರ ಫೋನ್ ಮಾಡಬೇಕು ಅನ್ನುವುದರಲ್ಲಿ ಒಂದು ಕೈಚಳಕ ಇದೆ. ಅದು ನನ್ನ ಹತ್ತಿರವೇ ಇರಲಿ.

ಮಧ್ಯೆ ಒಂದು ಪ್ರಯೋಗದ ವಿಷಯ. ನಿಜವಾದ ಲೀಗ್‌ನಲ್ಲಿ ಸಂಬಳವನ್ನು ಬೋನಸ್ ಮಾಡಿದರೆ ಮಾಲೀಕ ಆಗಲೇ ಚೆಕ್ ಬರೆಯಬೇಕು. ಕ್ಯಾಪ್ ಹಿಟ್ ಮುಂದಕ್ಕೆ ಹೋಗುತ್ತದೆ, ನಗದು ಹೋಗುವುದಿಲ್ಲ. ನಮ್ಮಲ್ಲಿ ಆ ನೋವು ಇರಲಿಲ್ಲ. ಹಾಗಾಗಿ ಒಂದು ವರ್ಷ ನಿಯಮ ಹಾಕಿಸಿದೆ: 1 ಮಿಲಿಯನ್ ಬೋನಸ್ ಮಾಡಿದರೆ ನಿಜವಾದ 2 ಡಾಲರ್ ಹುಂಡಿಗೆ. ಬೋನಸ್ ಮಾಡುವುದು ತಕ್ಷಣ ಅರ್ಧಕ್ಕೆ ಇಳಿಯಿತು! 40 ಡಾಲರ್ ಕೊಡಲು ಹಿಂದೆ ಮುಂದೆ ನೋಡುವವರು ನಾವು. ಅಲ್ಲಿ 40 ಮಿಲಿಯನ್ ಚೆಕ್. ಎಲ್ಲ ಟೀಮ್‌ಗೂ ಒಂದೇ ಕ್ಯಾಪ್ ಇದ್ದರೂ ಖರ್ಚು ಯಾಕೆ ಒಂದೇ ಅಲ್ಲ ಅಂತ ನನಗೆ ಅರ್ಥವಾಗಿದ್ದು ಆವತ್ತೇ. ಫಿಲಡೆಲ್ಫಿಯಾ ನೋಡಿ. ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ಗೆ 2023ರಲ್ಲಿ ಐದು ವರ್ಷಕ್ಕೆ 255 ಮಿಲಿಯನ್. ಆದರೆ 2024ರಲ್ಲಿ ಅವನ ಕ್ಯಾಪ್ ಹಿಟ್ 14 ಮಿಲಿಯನ್ ಒಳಗೆ. ನಗದು ಮೊದಲೇ ಕೊಟ್ಟು ಹಿಟ್ ಹಂಚಿದ್ದಾರೆ. ಉಳಿದ ಜಾಗದಲ್ಲಿ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಬಂದರು, 2,005 ಯಾರ್ಡ್ ಓಡಿದರು, ಸೂಪರ್ ಬೌಲ್ ಗೆದ್ದರು.

ಮಾಲೀಕರಿಗೆ ಹಣ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ನಂಬುವುದಿಲ್ಲ. ಗ್ರೀನ್ ಬೇ ಪ್ಯಾಕರ್ಸ್ ಪ್ರತಿ ವರ್ಷ ಲೆಕ್ಕಪತ್ರ ಬಹಿರಂಗ ಮಾಡುತ್ತಾರೆ. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಲೀಗ್‌ನಿಂದ ಸಮಪಾಲಾಗಿ ಬಂದದ್ದೇ 402 ಮಿಲಿಯನ್. ಮುಂದಿನ ಸೀಸನ್ ಕ್ಯಾಪ್ 255.4, ಬೆನಿಫಿಟ್ಸ್ ಸುಮಾರು 74. ಒಂದು ಟಿಕೆಟ್ ಮಾರದೆಯೂ ಆಟಗಾರರ ಖರ್ಚು ಪೂರ್ತಿ ಕಳೆದು ಮಿಗುತ್ತದೆ.

ಇನ್ನೊಂದು ಪ್ರಯೋಗ ಬೆಂಗಳೂರಿನ ಗೆಳೆಯರ ಐಪಿಎಲ್ ಹರಾಜು ಆಟದಲ್ಲಿ. 2025ರ ಸೀಸನ್‌ನ ಹರಾಜಿಗೆ ತಲಾ 120 ಕೋಟಿ ಪರ್ಸ್. ಬೋನಸ್ ಹಂಚುವ ನಿಯಮ ಸೇರಿಸೋಣ ಅಂದೆ. ಕೂರಲಿಲ್ಲ. ಮೆಗಾ ಹರಾಜು ಬಂದಾಗ ಟೀಮ್ ಬಹುಪಾಲು ಚದುರುತ್ತದೆ. ನಾಳೆಯ ಜಾಗವನ್ನು ಇಂದು ತಿನ್ನುವ ಆಟ ನಡೆಯಬೇಕಾದರೆ ನಾಳೆಯೂ ಅದೇ ಟೀಮ್ ಇರಬೇಕು.

2024ರ ಕಪ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಡೆಡ್ ಮನಿ ತೀರಿತ್ತು, ಪರ್ಡಿ ಅದೇ 3 ಮಿಲಿಯನ್, ಪಿಕ್‌ಗಳಿಂದ ಬಂದ ಹುಡುಗರು ದುಡಿದರು. ಹಾಕಿದ್ದು ಎಲ್ಲ ಕಳೆದು ಈಗ ಸಾವಿರದ ಐನೂರರ ಆಸುಪಾಸು ಲಾಭದಲ್ಲಿದ್ದೇನೆ. ಆ ಒಪ್ಪಂದ ಮುಗಿದ ಮೇಲೆ ಪರ್ಡಿ ಅಗ್ಗ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಅವನಿಗೆ 2025ರಲ್ಲಿ ಐದು ವರ್ಷಕ್ಕೆ 265 ಮಿಲಿಯನ್ ಬರೆಯಿತು. ನಮ್ಮ ಹರಾಜಿನಲ್ಲೂ ಅವನ ಬೆಲೆ 20ರ ಹತ್ತಿರ ಹೋಯಿತು. ನಾನು ಶೇ. 11ರಲ್ಲಿ ನಿಲ್ಲಿಸಿ ಬಿಟ್ಟುಕೊಟ್ಟೆ. ಶೀಟ್‌ನ ಹಳೆಯ ಪ್ರತಿ ಬೇಕಾದವರಿಗೆ ಕೊಡುತ್ತೇನೆ, ಕೊನೆಯ ಕಾಲಂ ಖಾಲಿ ಇರುತ್ತದೆ. ನಿಮ್ಮ ಅಂದಾಜು ನೀವೇ ತುಂಬಿಕೊಳ್ಳಿ. ತುಂಬುವ ಮೊದಲು 2021ರ ಸಾಲಿನಲ್ಲಿ 182.5 ಹಾಕಿ ಒಮ್ಮೆ ಓಡಿಸಿ ನೋಡಿ.